ಗೋಡೆಯ ಸಾಕೆಟ್‌ಗೆ ಯಾರು ಬೇಕಾದರೂ ವಯರ್ ಚುಚ್ಚಬಹುದಾ?

ನೆಟ್‌ವರ್ಕ್ ಸೆಕ್ಯುರಿಟಿ ಅಂದ ಕೂಡಲೇ ನಮಗೆ ನೆನಪಾಗುವುದು ಫೈರ್‌ವಾಲ್, ಪಾಸ್‌ವರ್ಡ್, ಆಂಟಿವೈರಸ್. ಇವೆಲ್ಲ ಹೊರಗಿನಿಂದ ಬರುವವರನ್ನು ತಡೆಯಲಿಕ್ಕೆ. ಆದರೆ ಕಚೇರಿಯ ಒಳಗೇ ಬಂದು, ಕಾಯುವವರ ಬೆಂಚಿನ ಹಿಂದಿರುವ ಲ್ಯಾನ್ ಸಾಕೆಟ್‌ಗೆ ಲ್ಯಾಪ್‌ಟಾಪ್‌ನ ವಯರ್ ಚುಚ್ಚಿದವನನ್ನು ಯಾರು ತಡೆಯುತ್ತಾರೆ? ಅವನು ಫೈರ್‌ವಾಲ್‌ನ ಈಚೆ ಬದಿಗೆ ಆಗಲೇ ಬಂದಾಗಿದೆ.

ಇದು ದೊಡ್ಡ ಕಂಪನಿಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಬೈಂದೂರು ಮತ್ತು ಬ್ರಹ್ಮಾವರ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿ ಹೊಸ ತಾಲ್ಲೂಕುಗಳಾದವು. ಹೊಸ ತಾಲ್ಲೂಕು ಅಂದರೆ ಹೊಸ ಕಚೇರಿ, ಹೊಸ ಕಂಪ್ಯೂಟರ್, ಹೊಸ ಕೇಬಲ್. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಮನೆಯವರು ಬೆಳೆಸಾಲ ತೆಗೆಯುವ, ಗೊಬ್ಬರಕ್ಕೆ ಹೋಗುವ ಸೊಸೈಟಿಗಳು ಇವೇ. ಅಲ್ಲಿ ಪೂರ್ಣಾವಧಿಯ ನೆಟ್‌ವರ್ಕ್ ಎಂಜಿನಿಯರ್ ಇರುವುದು ಅಪರೂಪ. "ನೀನು ಎಂಜಿನಿಯರಿಂಗ್ ಓದುದಲ್ದಾ, ಒಂದ್ಸಲ ಬಂದು ನೋಡು" ಅಂತ ಕರೆ ಬರುವುದು ನಮಗೇ. ಹಾಗಾಗಿ ಪೋರ್ಟ್ ಸೆಕ್ಯುರಿಟಿಯನ್ನು ಲ್ಯಾಬ್ ರೆಕಾರ್ಡ್‌ಗೆ ಮಾತ್ರ ಅಂತ ಬಿಡದೆ ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಹಬ್ ಯಾವುದು, ಸ್ವಿಚ್ ಯಾವುದು

ಊರಲ್ಲಿ ಎಲ್ಲ ಡಬ್ಬಕ್ಕೂ "ಹಬ್" ಅಂತಲೇ ಹೆಸರು. ತಾಂತ್ರಿಕವಾಗಿ ಹಬ್ ಒಂದು ರಿಪೀಟರ್ ಅಷ್ಟೇ. ಒಂದು ಪೋರ್ಟ್‌ಗೆ ಬಂದ ವಿದ್ಯುತ್ ಸಂಕೇತವನ್ನು ಬಾಕಿ ಎಲ್ಲ ಪೋರ್ಟ್‌ಗಳಿಗೂ ಹಾಗೆಯೇ ದಾಟಿಸುತ್ತದೆ. ಯಾರು ಕಳಿಸಿದರು, ಯಾರಿಗೆ ಕಳಿಸಿದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದರಿಂದ ಅದರಲ್ಲಿ ಪೋರ್ಟ್ ಸೆಕ್ಯುರಿಟಿ ಹಾಕಲಿಕ್ಕೂ ಆಗುವುದಿಲ್ಲ. ಹಬ್‌ಗೆ ಲಾಗಿನ್ ಆಗುವ ಜಾಗವೇ ಸಾಮಾನ್ಯವಾಗಿ ಇರುವುದಿಲ್ಲ.

ಸ್ವಿಚ್ ಬೇರೆ. ಪ್ರತಿ ಫ್ರೇಮ್‌ನ ಮೇಲಿರುವ ಮ್ಯಾಕ್ ವಿಳಾಸ ಓದಿ, ಯಾವ ವಿಳಾಸ ಯಾವ ಪೋರ್ಟ್‌ನಲ್ಲಿದೆ ಅಂತ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ವಿಳಾಸಕ್ಕೆ ಬಂದದ್ದನ್ನು ಆ ಪೋರ್ಟ್‌ಗೆ ಮಾತ್ರ ಕೊಡುತ್ತದೆ. ಈಥರ್ನೆಟ್ ಸ್ವಿಚ್ ಅನ್ನು ಮೊದಲು ಮಾರುಕಟ್ಟೆಗೆ ತಂದ ಕಂಪನಿಯ ಹೆಸರು ಕಲ್ಪನಾ. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸೇರಿ ಅಮೆರಿಕದ ಸಿಲಿಕಾನ್ ವ್ಯಾಲಿಯಲ್ಲಿ ಕಟ್ಟಿದ ಸಂಸ್ಥೆ ಅದು. ಭಾರದ್ವಾಜ್ ಅವರ ಪತ್ನಿಯ ಹೆಸರನ್ನೇ ಇಟ್ಟಿದ್ದರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಇವತ್ತು ನಾವು ಲ್ಯಾಬ್‌ನಲ್ಲಿ ನೋಡುವ ಸಿಸ್ಕೊ ಸ್ವಿಚ್‌ಗಳ ಹಿಂದೆ ಈ ಕಥೆಯೂ ಇದೆ.

ಸ್ವಿಚ್‌ನಲ್ಲೂ ಎರಡು ಬಗೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ 5 ಅಥವಾ 8 ಪೋರ್ಟ್‌ನ ಡಬ್ಬ ಅನ್‌ಮ್ಯಾನೇಜ್ಡ್; ಅದರಲ್ಲಿ ಏನನ್ನೂ ಕಾನ್ಫಿಗರ್ ಮಾಡಲಾಗದು. ಪೋರ್ಟ್ ಸೆಕ್ಯುರಿಟಿ ಬೇಕಾದರೆ ಮ್ಯಾನೇಜ್ಡ್ ಸ್ವಿಚ್ ಬೇಕು.

ಸ್ವಿಚ್‌ನ್ನು ಹಬ್ ಮಾಡುವ ಉಪಾಯ

ಸ್ವಿಚ್ ಇದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ ಅಲ್ಲವಾ, ಮತ್ತೆಂತ ಹೆದರಿಕೆ? ಹೆದರಿಕೆ ಇರುವುದು ಆ ಕೋಷ್ಟಕದ ಗಾತ್ರದಲ್ಲಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾಟಲಿಸ್ಟ್ 2960 ಸರಣಿಯ ಸ್ವಿಚ್‌ನಲ್ಲಿ ಸುಮಾರು 8,000 ಮ್ಯಾಕ್ ವಿಳಾಸಕ್ಕೆ ಜಾಗ. ಒಂದು ಲ್ಯಾಪ್‌ಟಾಪ್ ಕ್ಷಣಕ್ಕೊಂದು ಸುಳ್ಳು ಮ್ಯಾಕ್ ವಿಳಾಸ ಹಾಕಿ ಫ್ರೇಮ್ ಕಳಿಸುತ್ತಾ ಹೋದರೆ ಕೋಷ್ಟಕ ಬೇಗ ತುಂಬುತ್ತದೆ. ತುಂಬಿದ ಮೇಲೆ ಹೊಸ ವಿಳಾಸ ಬರೆದಿಡಲು ಜಾಗವಿಲ್ಲ. ವಿಳಾಸ ಗೊತ್ತಿಲ್ಲದ ಫ್ರೇಮ್ ಬಂದರೆ ಸ್ವಿಚ್ ಅದನ್ನು ಆ ವಿಲ್ಯಾನ್‌ನ ಎಲ್ಲ ಪೋರ್ಟ್‌ಗೂ ಕಳಿಸಬೇಕು, ಅದು ಅದರ ನಿಯಮ. ಅಂದರೆ ಸ್ವಿಚ್ ಹಬ್ಬಿನ ಹಾಗೆ ಆಡತೊಡಗುತ್ತದೆ. ಬೇರೆಯವರ ಮಾತು ಈ ಲ್ಯಾಪ್‌ಟಾಪ್‌ಗೂ ಬಂದು ಬೀಳುತ್ತದೆ.

1999ರಲ್ಲಿ ಇಯಾನ್ ವಿಟೆಕ್ ಇದಕ್ಕೆಂದೇ ಮ್ಯಾಕಾಫ್ ಎಂಬ ಸಣ್ಣ ಪ್ರೋಗ್ರಾಂ ಬರೆದು ತೋರಿಸಿದರು. ಆಮೇಲೆ ಅದು ಡಗ್ ಸಾಂಗ್ ಅವರ ಡಿಸ್ನಿಫ್ ಪರಿಕರಗಳ ಜೊತೆ ಸೇರಿತು. ಇಪ್ಪತ್ತೈದು ವರ್ಷಕ್ಕೂ ಹಳೆಯ ಉಪಾಯ, ಪೋರ್ಟ್‌ಗೆ ಮಿತಿ ಹಾಕದ ಸ್ವಿಚ್‌ನಲ್ಲಿ ಈಗಲೂ ನಡೆಯುತ್ತದೆ. ಪೋರ್ಟ್ ಸೆಕ್ಯುರಿಟಿಯ ಮೊದಲ ಕೆಲಸ ಇದನ್ನು ನಿಲ್ಲಿಸುವುದು: "ಈ ಪೋರ್ಟ್‌ನಿಂದ ಇಷ್ಟೇ ಮ್ಯಾಕ್ ವಿಳಾಸ, ಇವೇ ಮ್ಯಾಕ್ ವಿಳಾಸ."

ಒಂದು ಸಣ್ಣ ಕಚೇರಿ ಇಟ್ಟುಕೊಳ್ಳೋಣ

ಉದಾಹರಣೆಗೆ ಒಂದು ಸೊಸೈಟಿ ಶಾಖೆ. 24 ಪೋರ್ಟ್‌ನ ಸ್ವಿಚ್. 1ರಿಂದ 6ರವರೆಗೆ ಕೌಂಟರ್ ಮತ್ತು ಮ್ಯಾನೇಜರ್ ಕಂಪ್ಯೂಟರ್, 7ರಲ್ಲಿ ಪ್ರಿಂಟರ್, 8ರಲ್ಲಿ ಸಿಸಿಟಿವಿ ರೆಕಾರ್ಡರ್, 9ರಲ್ಲಿ ವೈಫೈ ಆಕ್ಸೆಸ್ ಪಾಯಿಂಟ್, 24ರಲ್ಲಿ ರೂಟರ್ ಕಡೆಗೆ ಹೋಗುವ ಅಪ್‌ಲಿಂಕ್. 10ರಿಂದ 23 ಖಾಲಿ.

ಕೆಳಗಿನ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಸಿಸ್ಕೊ ಸ್ವಿಚ್‌ನಲ್ಲಿ ಕ್ರಮ ಹೀಗೆ:

ಎನೇಬಲ್
ಕಾನ್ಫಿಗರ್ ಟರ್ಮಿನಲ್
ಇಂಟರ್‌ಫೇಸ್ ರೇಂಜ್ ಫಾಸ್ಟ್‌ಈಥರ್ನೆಟ್ 0/1 - 8
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಮ್ಯಾಕ್ಸಿಮಮ್ 1
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಮ್ಯಾಕ್-ಅಡ್ರೆಸ್ ಸ್ಟಿಕಿ
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ವಯಲೇಶನ್ ರಿಸ್ಟ್ರಿಕ್ಟ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ
ಎಂಡ್
ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್

ಒಂದೊಂದಾಗಿ ನೋಡೋಣ. ಮೋಡ್ ಆಕ್ಸೆಸ್ ಯಾಕೆ? ಪೋರ್ಟ್ ಡೈನಮಿಕ್ ಸ್ಥಿತಿಯಲ್ಲಿದ್ದರೆ ಸ್ವಿಚ್ ಪೋರ್ಟ್ ಸೆಕ್ಯುರಿಟಿಯನ್ನು ಒಪ್ಪುವುದಿಲ್ಲ, ಕಮಾಂಡ್ ರಿಜೆಕ್ಟೆಡ್ ಅನ್ನುತ್ತದೆ. ಮ್ಯಾಕ್ಸಿಮಮ್ 1 ಅಂದರೆ ಒಂದೇ ವಿಳಾಸ. ಬರೆಯದಿದ್ದರೂ ಡಿಫಾಲ್ಟ್ ಅಷ್ಟೇ. ಸ್ಟಿಕಿ ಅಂದರೆ ಮೊದಲು ಮಾತಾಡಿದ ಯಂತ್ರದ ವಿಳಾಸವನ್ನು ಸ್ವಿಚ್ ತಾನೇ ಕಲಿತು ರನ್ನಿಂಗ್ ಕಾನ್ಫಿಗರೇಶನ್‌ಗೆ ಅಂಟಿಸಿಕೊಳ್ಳುತ್ತದೆ. ಹನ್ನೆರಡು ಅಂಕಿಯ ವಿಳಾಸವನ್ನು ನಾವು ಒಂದೊಂದಾಗಿ ಟೈಪ್ ಮಾಡುವ ಕೆಲಸ ತಪ್ಪಿತು.

ಕೊನೆಯ ಸಾಲು "ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ" ಮರೆತರೆ ಮೇಲಿನ ಮೂರು ಸಾಲಿಗೂ ಬೆಲೆ ಇಲ್ಲ. ಮಿತಿ, ಸ್ಟಿಕಿ, ವಯಲೇಶನ್ ಎಲ್ಲ ಕಾನ್ಫಿಗರೇಶನ್‌ನಲ್ಲಿ ಚಂದ ಕಾಣುತ್ತವೆ, ಆದರೆ ಬೀಗ ಬಿದ್ದಿರುವುದಿಲ್ಲ. "ಶೋ ಪೋರ್ಟ್-ಸೆಕ್ಯುರಿಟಿ ಇಂಟರ್‌ಫೇಸ್ ಫಾಸ್ಟ್‌ಈಥರ್ನೆಟ್ 0/3" ಅಂತ ಕೊಟ್ಟು ಮೊದಲ ಸಾಲಲ್ಲಿ ಎನೇಬಲ್ಡ್ ಇದೆಯಾ ಅಂತ ನೋಡಿಯೇ ಎದ್ದೇಳಬೇಕು.

ಖಾಲಿ ಇರುವ 10ರಿಂದ 23ಕ್ಕೆ ಇಷ್ಟೆಲ್ಲ ಬೇಡ. ಆ ರೇಂಜ್‌ಗೆ ಹೋಗಿ "ಶಟ್‌ಡೌನ್" ಕೊಟ್ಟು, ಬಳಕೆಯಲ್ಲಿಲ್ಲದ ಒಂದು ವಿಲ್ಯಾನ್‌ಗೆ ಹಾಕಿಬಿಡಿ. ಬೆಂಚಿನ ಹಿಂದಿನ ಸಾಕೆಟ್‌ಗೆ ಇದಕ್ಕಿಂತ ಸುಲಭದ ಮದ್ದಿಲ್ಲ.

24ಕ್ಕೆ ಪೋರ್ಟ್ ಸೆಕ್ಯುರಿಟಿ ಹಾಕಬೇಡಿ. ಅಪ್‌ಲಿಂಕ್‌ನ ಆಚೆ ಇನ್ನೊಂದು ಸ್ವಿಚ್ ಇದ್ದರೆ ಅಲ್ಲಿನ ಎಲ್ಲ ಯಂತ್ರದ ವಿಳಾಸವೂ ಇದೇ ಪೋರ್ಟ್‌ನಲ್ಲಿ ಕಾಣುತ್ತದೆ, ಮಿತಿ 1 ಅಂದರೆ ಇಡೀ ಕಚೇರಿಯೇ ಬಂದ್. 9ರ ಆಕ್ಸೆಸ್ ಪಾಯಿಂಟ್ ಕಥೆಯೂ ಅದೇ. ಅದಕ್ಕೆ ಸೇರಿದ ಪ್ರತಿ ಮೊಬೈಲ್‌ನ ಮ್ಯಾಕ್ ವಿಳಾಸ ಆ ಒಂದೇ ಪೋರ್ಟ್‌ಗೆ ಬರುತ್ತದೆ. ಮೇಲಾಗಿ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಮೊಬೈಲ್‌ಗಳು ವೈಫೈಗೆ ಸುಮ್ಮನೆ ಹುಟ್ಟಿಸಿಕೊಂಡ ವಿಳಾಸ ಬಳಸುತ್ತವೆ. ವಿಳಾಸದ ಎರಡನೇ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಬರೆದದ್ದಲ್ಲ ಅಂತ ತಿಳಿಯಬಹುದು. ವೈಫೈಗೆ ಅದರದ್ದೇ ಪಾಸ್‌ವರ್ಡ್ ಮತ್ತು ಬೇರೆ ವಿಲ್ಯಾನ್ ಇರಲಿ.

ತಪ್ಪು ನಡೆದಾಗ ಏನು ಮಾಡಬೇಕು: ಮೂರು ಆಯ್ಕೆ

ಅಪರಿಚಿತ ವಿಳಾಸ ಬಂದರೆ ಸ್ವಿಚ್ ಮೂರರಲ್ಲಿ ಒಂದು ಮಾಡಬಹುದು.

ಪ್ರೊಟೆಕ್ಟ್: ಅಪರಿಚಿತನ ಫ್ರೇಮ್ ಬಿಸಾಡುತ್ತದೆ, ಯಾರಿಗೂ ಹೇಳುವುದಿಲ್ಲ. ಲೆಕ್ಕವೂ ಇಡುವುದಿಲ್ಲ.

ರಿಸ್ಟ್ರಿಕ್ಟ್: ಬಿಸಾಡುತ್ತದೆ, ಲೆಕ್ಕ ಏರಿಸುತ್ತದೆ, ಸಿಸ್‌ಲಾಗ್ ಸಂದೇಶ ಬರೆಯುತ್ತದೆ. ಮೊದಲಿನ ಯಂತ್ರ ಕೆಲಸ ಮಾಡುತ್ತಲೇ ಇರುತ್ತದೆ.

ಶಟ್‌ಡೌನ್: ಇದು ಡಿಫಾಲ್ಟ್. ಪೋರ್ಟನ್ನೇ ಎರರ್-ಡಿಸೇಬಲ್ಡ್ ಸ್ಥಿತಿಗೆ ತಳ್ಳುತ್ತದೆ. ಲೈಟ್ ಆರುತ್ತದೆ. ಸರಿಯಾದ ಯಂತ್ರ ವಾಪಸ್ ಚುಚ್ಚಿದರೂ ಏಳುವುದಿಲ್ಲ. ಯಾರಾದರೂ ಲಾಗಿನ್ ಆಗಿ "ಶಟ್‌ಡೌನ್", ಮತ್ತೆ "ನೋ ಶಟ್‌ಡೌನ್" ಕೊಡಬೇಕು.

ಪುಸ್ತಕದಲ್ಲಿ ಶಟ್‌ಡೌನ್ ಅತ್ಯಂತ ಸುರಕ್ಷಿತ ಅಂತ ಇರುತ್ತದೆ. ಸ್ವಿಚ್ ಗೊತ್ತಿರುವವರು ಅದೇ ಕಟ್ಟಡದಲ್ಲಿದ್ದರೆ ಹೌದು. ಶಾಖೆ ಕೊಲ್ಲೂರು ರಸ್ತೆಯಲ್ಲಿ ಒಳಗಿದ್ದು, ಪಾಸ್‌ವರ್ಡ್ ಗೊತ್ತಿರುವವರು ಕುಂದಾಪುರದಲ್ಲಿದ್ದರೆ? "ನೆಟ್ ಬತ್ತಿಲ್ಲೆ, ಎಂತ ಮಾಡುದ್" ಅಂತ ಫೋನ್ ಬರುತ್ತದೆ, ಕೌಂಟರ್ ಎದುರು ಜನ ನಿಂತಿರುತ್ತಾರೆ. ಇಂಥಲ್ಲಿ ರಿಸ್ಟ್ರಿಕ್ಟ್ ಸರಿ ಅನ್ನುವುದು ನನ್ನ ಅಭಿಪ್ರಾಯ. ಅಪರಿಚಿತನಿಗೆ ದಾರಿ ಸಿಗುವುದಿಲ್ಲ, ಕೆಲಸ ನಿಲ್ಲುವುದಿಲ್ಲ, ದಾಖಲೆಯೂ ಉಳಿಯುತ್ತದೆ. ಶಟ್‌ಡೌನೇ ಬೇಕಾದರೆ "ಎರರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯಲೇಶನ್" ಸೇರಿಸಿ. 300 ಸೆಕೆಂಡ್ ಬಿಟ್ಟು ಪೋರ್ಟ್ ತಾನೇ ಏಳುತ್ತದೆ. ತಪ್ಪು ಯಂತ್ರ ಇನ್ನೂ ಅಲ್ಲೇ ಇದ್ದರೆ ಮತ್ತೆ ಮಲಗುತ್ತದೆ. ಪ್ರೊಟೆಕ್ಟ್ ಮಾತ್ರ ಬೇಡ. ಯಾಕೆ ನೆಟ್ ಇಲ್ಲ ಅಂತ ಹುಡುಕುವವನಿಗೆ ಅದು ಒಂದು ಸುಳಿವನ್ನೂ ಬಿಡುವುದಿಲ್ಲ.

ದಾಖಲೆಯ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಸ್ವಿಚ್‌ನೊಳಗಿನ ಲಾಗ್ ಕರೆಂಟ್ ಹೋದರೆ ಹೋಗುತ್ತದೆ. ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ ಅದನ್ನೇ ಸಿಸ್‌ಲಾಗ್ ಸರ್ವರ್ ಮಾಡಬಹುದು. ಸ್ವಿಚ್‌ನ ಗಡಿಯಾರವನ್ನು ಎನ್‌ಟಿಪಿ ಮೂಲಕ ಸರಿ ಇಡದಿದ್ದರೆ "ಯಾವಾಗ ಆಯಿತು" ಅನ್ನುವ ಪ್ರಶ್ನೆಗೆ ಉತ್ತರವೇ ಸಿಗದು.

ನಮ್ಮ ಮಳೆಗಾಲ ಮತ್ತು ಸ್ಟಿಕಿ

ಪಠ್ಯದಲ್ಲಿ ಇಲ್ಲದ, ಕರಾವಳಿಯಲ್ಲಿ ಮಾತ್ರ ಎದ್ದು ಕಾಣುವ ತೊಂದರೆ ಇದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಮುಂಗಾರಿನ ಮೊದಲು ಸಿಡಿಲು, ಆಮೇಲೆ ಮರ ಬಿದ್ದು ಕರೆಂಟ್ ಹೋಗುವುದು. ಇವೆರಡೂ ಪೋರ್ಟ್ ಸೆಕ್ಯುರಿಟಿಗೆ ನೇರವಾಗಿ ತಾಗುತ್ತವೆ.

ಮೊದಲನೆಯದು ಕರೆಂಟ್. ಸ್ಟಿಕಿ ಕಲಿತ ವಿಳಾಸ ಇರುವುದು ರನ್ನಿಂಗ್ ಕಾನ್ಫಿಗರೇಶನ್‌ನಲ್ಲಿ, ಅಂದರೆ ರ್‍ಯಾಮ್‌ನಲ್ಲಿ. "ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್" ಅನ್ನು ಸ್ಟಿಕಿ ಕಲಿಯುವ ಮೊದಲೇ ಕೊಟ್ಟಿದ್ದರೆ ನಿಯಮ ಉಳಿಯುತ್ತದೆ, ವಿಳಾಸ ಉಳಿಯುವುದಿಲ್ಲ. ಯುಪಿಎಸ್ ಸೋತು ಸ್ವಿಚ್ ಆರಿ ಮತ್ತೆ ಹೊತ್ತಿಕೊಂಡರೆ, ಆ ಪೋರ್ಟ್‌ನಲ್ಲಿ ಮೊದಲು ಮಾತಾಡಿದವನೇ ಹೊಸ ಯಜಮಾನ. ಅದು ಕೌಂಟರ್ ಕಂಪ್ಯೂಟರ್ ಆಗಬಹುದು, ಬೇರೆ ಯಾರದೋ ಲ್ಯಾಪ್‌ಟಾಪೂ ಆಗಬಹುದು. ಆದ್ದರಿಂದ ಕಾನ್ಫಿಗರ್ ಮಾಡಿದ ಮೇಲೆ ಎಲ್ಲ ಯಂತ್ರಗಳನ್ನು ಆನ್ ಮಾಡಿ, ಪ್ರಿಂಟರ್‌ನಿಂದ ಒಂದು ಹಾಳೆ ತೆಗೆದು, "ಶೋ ಪೋರ್ಟ್-ಸೆಕ್ಯುರಿಟಿ ಅಡ್ರೆಸ್"ನಲ್ಲಿ ಎಂಟೂ ವಿಳಾಸ ಬಂದಿದೆ ಅಂತ ಎಣಿಸಿ, ಆಮೇಲೆ ಸೇವ್ ಮಾಡಿ.

ಎರಡನೆಯದು ಸಿಡಿಲು. ಸರ್ಜ್ ಬಂದು ಲ್ಯಾನ್ ಕಾರ್ಡ್ ಸುಟ್ಟುಹೋಯಿತು ಅಂತಿಟ್ಟುಕೊಳ್ಳಿ. ಹೊಸ ಕಾರ್ಡ್ ಅಥವಾ ಯುಎಸ್‌ಬಿ ಅಡಾಪ್ಟರ್ ತಂದು ಹಾಕುತ್ತಾರೆ. ಮ್ಯಾಕ್ ವಿಳಾಸ ಇರುವುದು ಕಾರ್ಡ್‌ನಲ್ಲಿ. ಕಂಪ್ಯೂಟರ್ ಅದೇ ಆದರೂ ಸ್ವಿಚ್‌ನ ಕಣ್ಣಿಗೆ ಇದು ಅಪರಿಚಿತ. ಡ್ರೈವರ್ ಸರಿ ಇದೆ, ಕೇಬಲ್ ಸರಿ ಇದೆ, ರಿಸ್ಟ್ರಿಕ್ಟ್ ಮೋಡ್ ಆದರೆ ಲೈಟೂ ಉರಿಯುತ್ತದೆ, ನೆಟ್ ಮಾತ್ರ ಇಲ್ಲ. ಗೊತ್ತಿಲ್ಲದವರು ಕಾರ್ಡ್ ಹಾಳು ಅಂತ ಇನ್ನೊಂದು ತರುತ್ತಾರೆ. ಮಾಡಬೇಕಾದದ್ದು ಇಷ್ಟೇ: "ಕ್ಲಿಯರ್ ಪೋರ್ಟ್-ಸೆಕ್ಯುರಿಟಿ ಸ್ಟಿಕಿ ಇಂಟರ್‌ಫೇಸ್ ಫಾಸ್ಟ್‌ಈಥರ್ನೆಟ್ 0/3", ಹೊಸ ವಿಳಾಸ ಕಲಿಯಲು ಬಿಡಿ, ಮತ್ತೆ ಸೇವ್ ಮಾಡಿ. ಶಟ್‌ಡೌನ್ ಮೋಡ್‌ನಲ್ಲಿದ್ದರೆ ಇದರ ಜೊತೆಗೆ ಪೋರ್ಟ್ ಎಬ್ಬಿಸಬೇಕು. ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಜವಾಬ್ದಾರಿ ಇರುವವರ ಕೈಗೆ ಕೊಟ್ಟು ಬನ್ನಿ. ಯಾವ ಪೋರ್ಟ್ ಯಾವ ಮೇಜಿಗೆ ಅನ್ನುವ ಪಟ್ಟಿಯೂ ಅದರಲ್ಲಿರಲಿ.

ನಡುವೆ ಇನ್ನೊಂದು ಡಬ್ಬ

ಪೋರ್ಟ್ ಸಾಲದಿದ್ದರೆ ಮೇಜಿನ ಕೆಳಗೆ 5 ಪೋರ್ಟ್‌ನ ಡಬ್ಬ ಇಡುವುದು ನಮ್ಮಲ್ಲಿ ರೂಢಿ. ಅದಕ್ಕೆ ಮೂರು ಕಂಪ್ಯೂಟರ್ ಚುಚ್ಚಿದರೆ ಮೇಲಿನ ಸ್ವಿಚ್‌ಗೆ ಒಂದೇ ಪೋರ್ಟ್‌ನಲ್ಲಿ ಮೂರು ವಿಳಾಸ. ಮಿತಿ 1 ಇದ್ದರೆ ಮೊದಲು ಬಂದವನಿಗೆ ಮಾತ್ರ ನೆಟ್. ಡಬ್ಬ ಅನಿವಾರ್ಯವಾದರೆ ಮ್ಯಾಕ್ಸಿಮಮ್ 3 ಕೊಡಿ.

ಸ್ಟಿಕಿ ಹಾಕದೆ ಬರೀ ಮಿತಿ ಹಾಕಿದವರಿಗೂ ಇಲ್ಲಿ ಒಂದು ಸಿಕ್ಕು. ಹಾಗೆ ಕಲಿತ ವಿಳಾಸವನ್ನು ಸ್ವಿಚ್ ಮರೆಯುವುದು ಲಿಂಕ್ ಬಿದ್ದಾಗ. ಡಬ್ಬ ನಡುವೆ ಇದ್ದರೆ ಕಂಪ್ಯೂಟರ್ ಬಿಚ್ಚಿದರೂ ಮೇಲಿನ ಲಿಂಕ್ ಬೀಳುವುದೇ ಇಲ್ಲ, ಯಾಕೆಂದರೆ ಸ್ವಿಚ್‌ಗೆ ತಾಗಿಕೊಂಡಿರುವುದು ಡಬ್ಬ. ಹಳೆಯ ವಿಳಾಸ ಹಾಗೇ ಕೂತಿರುತ್ತದೆ, ಹೊಸ ಯಂತ್ರಕ್ಕೆ ಜಾಗ ಇಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬ್‌ನಲ್ಲಿ ಕೆಟ್ಟ ಸಿಸ್ಟಂ ಬದಲಾಯಿಸಿದಾಗ ಇದು ತಲೆ ತಿನ್ನುತ್ತದೆ. "ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಏಜಿಂಗ್ ಟೈಮ್ 10" ಮತ್ತು "ಏಜಿಂಗ್ ಟೈಪ್ ಇನ್‌ಆಕ್ಟಿವಿಟಿ" ಕೊಟ್ಟರೆ ಹತ್ತು ನಿಮಿಷ ಸುಮ್ಮನಿದ್ದ ವಿಳಾಸವನ್ನು ತೆಗೆದುಹಾಕುತ್ತದೆ.

ಹಾಸ್ಟೆಲ್‌ನವರಿಗೆ ಇನ್ನೊಂದು. ಮನೆಯ ವೈಫೈ ರೂಟರ್ ತಂದು ಅದರ ವ್ಯಾನ್ ಪೋರ್ಟ್‌ಗೆ ವಯರ್ ಚುಚ್ಚಿದರೆ ಸ್ವಿಚ್‌ಗೆ ಕಾಣುವುದು ರೂಟರ್‌ನ ಒಂದೇ ವಿಳಾಸ. ಹಿಂದೆ ಹತ್ತು ಮೊಬೈಲ್ ಇದ್ದರೂ ಮಿತಿ 1 ಅದನ್ನು ಎಣಿಸಲಾರದು. ಅದೇ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಚುಚ್ಚಿದರೆ ಹಿಂದಿನ ಎಲ್ಲ ವಿಳಾಸ ಹೊರಗೆ ಬಂದು ಕೂಡಲೇ ವಯಲೇಶನ್. ಮಿತಿ ಇಲ್ಲದ ಕಡೆ ಹೀಗೆ ಚುಚ್ಚಿದರೆ ಆ ರೂಟರ್ ಪಕ್ಕದ ಕೋಣೆಯವರಿಗೂ ತನ್ನದೇ ಐಪಿ ಹಂಚತೊಡಗುತ್ತದೆ. ಮಹಡಿಗೆ ಮಹಡಿಯೇ ನೆಟ್ ಇಲ್ಲದೆ ಕೂರುತ್ತದೆ. ಅದಕ್ಕೆ ಸರಿಯಾದ ಔಷಧಿ ಡಿಎಚ್‌ಸಿಪಿ ಸ್ನೂಪಿಂಗ್, ಅಂದರೆ ಯಾವ ಪೋರ್ಟ್‌ನಿಂದ ಐಪಿ ಹಂಚಬಹುದು ಅಂತ ಸ್ವಿಚ್‌ಗೆ ಹೇಳಿಡುವುದು.

ಇದು ಎಷ್ಟು ಗಟ್ಟಿ ಬೀಗ?

ಗಂಗೊಳ್ಳಿ ಬಂದರಿನಲ್ಲಿ ನಿಂತರೆ ಪ್ರತಿ ಬೋಟಿನ ಮೈಮೇಲೆ ನೋಂದಣಿ ಸಂಖ್ಯೆ ಬರೆದದ್ದು ಕಾಣುತ್ತದೆ. ಮ್ಯಾಕ್ ವಿಳಾಸವೂ ಅಂಥದ್ದೇ. 48 ಬಿಟ್‌ನ ಸಂಖ್ಯೆ, ಮೊದಲ 24 ಬಿಟ್ ತಯಾರಕರಿಗೆ ಐಇಇಇ ಕೊಟ್ಟದ್ದು. ದೂರದಿಂದ ಗುರುತು ಹಿಡಿಯಲಿಕ್ಕೆ ಸಾಕು. ಆದರೆ ಬಣ್ಣ ಇದ್ದವನು ಬೇರೆ ಸಂಖ್ಯೆ ಬರೆದುಕೊಳ್ಳಬಹುದು. ಲಿನಕ್ಸ್‌ನಲ್ಲಿ ಮ್ಯಾಕ್ ವಿಳಾಸ ಬದಲಾಯಿಸುವುದು ಎರಡು ಮೂರು ಸಾಲಿನ ಕೆಲಸ. ಹಲವು ಪ್ರಿಂಟರ್‌ಗಳ ವಿಳಾಸ ಅದರ ಹಿಂದಿನ ಲೇಬಲ್‌ನಲ್ಲೇ ಅಚ್ಚಾಗಿರುತ್ತದೆ. ಅದನ್ನು ಓದಿಕೊಂಡು, ಪ್ರಿಂಟರ್‌ನ ವಯರ್ ಕಿತ್ತು ತನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿದವನನ್ನು ಪೋರ್ಟ್ ಸೆಕ್ಯುರಿಟಿ ತಡೆಯುವುದಿಲ್ಲ. ಅದಕ್ಕೇ ಪ್ರಿಂಟರ್ ಮತ್ತು ಕ್ಯಾಮೆರಾಗಳಿಗೆ ಬೇರೆ ವಿಲ್ಯಾನ್ ಕೊಟ್ಟು, ಅಲ್ಲಿಂದ ಲೆಕ್ಕಪತ್ರದ ಸರ್ವರ್‌ಗೆ ದಾರಿ ಮುಚ್ಚಿಡಬೇಕು.

ಸಂಖ್ಯೆ ನೋಡುವುದರ ಬದಲು ಕಾಗದಪತ್ರ ಕೇಳುವ ವ್ಯವಸ್ಥೆ ಐಇಇಇ 802.1ಎಕ್ಸ್. 2001ರಲ್ಲಿ ಬಂದ ಮಾನದಂಡ. ವಯರ್ ಚುಚ್ಚಿದವರು ಹೆಸರು-ಪಾಸ್‌ವರ್ಡ್ ಅಥವಾ ಪ್ರಮಾಣಪತ್ರ ತೋರಿಸುವವರೆಗೆ ಪೋರ್ಟ್ ತೆರೆಯುವುದಿಲ್ಲ. ಫ್ರೀರೇಡಿಯಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನು ಕಟ್ಟಬಹುದು. ಆದರೆ ಆ ಸರ್ವರ್ ನೋಡಿಕೊಳ್ಳಲು ಜನ ಬೇಕು. ಆರು ಕಂಪ್ಯೂಟರ್‌ನ ಶಾಖೆಗೆ ಅದು ಭಾರ. ನಮ್ಮ ಕ್ಯಾಂಪಸ್‌ನಂಥ ಕಡೆಗೆ ಅದೇ ಸರಿ.

ಹಾಗಂತ ಪೋರ್ಟ್ ಸೆಕ್ಯುರಿಟಿ ದಂಡ ಅಲ್ಲ. ಸುಮ್ಮನೆ ಕುತೂಹಲಕ್ಕೆ ಚುಚ್ಚುವವರು, ತಿಳಿಯದೆ ರೂಟರ್ ತಂದು ಹಾಕುವವರು, ಕೋಷ್ಟಕ ತುಂಬಿಸುವ ಪ್ರೋಗ್ರಾಂ ಓಡಿಸುವವರು, ಇಷ್ಟು ಜನರಿಗೆ ಅದು ಸಾಕು. ಹೊಸ ಸಾಧನ ಕೊಳ್ಳದೆ, ಇರುವ ಮ್ಯಾನೇಜ್ಡ್ ಸ್ವಿಚ್‌ನಲ್ಲೇ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಮೊದಲು ಪ್ಯಾಕೆಟ್ ಟ್ರೇಸರ್‌ನಲ್ಲಿ ಒಂದು 2960 ಇಟ್ಟು ಮೇಲಿನ ಕಮಾಂಡ್‌ಗಳನ್ನು ಕೊಟ್ಟು ನೋಡಿ. ಮೂರು ಮೋಡ್‌ನಲ್ಲೂ ಬೇರೆ ಕಂಪ್ಯೂಟರ್ ಚುಚ್ಚಿ, ಪಿಂಗ್ ಕೊಟ್ಟು, ಶೋ ಕಮಾಂಡ್‌ನಲ್ಲಿ ಲೆಕ್ಕ ಏರುತ್ತದಾ ನೋಡಿ. ಸೇವ್ ಮಾಡದೆ ಸ್ವಿಚ್ ರೀಲೋಡ್ ಮಾಡಿ ಸ್ಟಿಕಿ ಎಲ್ಲಿ ಹೋಯಿತು ಅಂತ ಹುಡುಕಿ. ನಿಜವಾದ ಕಚೇರಿಯ ಸ್ವಿಚ್ ಮುಟ್ಟುವುದು ಮಾತ್ರ ಅಲ್ಲಿನ ಜವಾಬ್ದಾರರ ಒಪ್ಪಿಗೆ ಪಡೆದು, ಕೌಂಟರ್ ಮುಚ್ಚಿದ ಮೇಲೆ.